ರಾಕ್ಷಸನಿಗೂ ಮೊದಲು ಒಬ್ಬ ಅಜ್ಜಿ

ತೊಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಮುಗಿಸಿದ ನಾನು ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ತರಗತಿಗೆ ಸೇರಿದೆ. ದಿಬ್ಬೂರಹಳ್ಳಿಯಿಂದ ಬರುತ್ತಿದ್ದ ನನ್ನ ಬಸ್ಸಿಗೆ ಶಿಡ್ಲಘಟ್ಟದಲ್ಲಿ ಗೆಳತಿ ಹತ್ತುತ್ತಿದ್ದಳು. ಅವಳ ಮನೆಯವರು ರೇಷ್ಮೆ ನೂಲು ತೆಗೆಯುವವರು. ಮನೆಮಾತು ಉರ್ದು, ನನ್ನೊಡನೆ ಜಗಳ ಮಾತ್ರ ಅಪ್ಪಟ ಕನ್ನಡದಲ್ಲಿ. ತರಗತಿಯಲ್ಲಿದ್ದದ್ದು ನಾಲ್ಕೇ ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನದಲ್ಲೂ ತೋರದ ಭಕ್ತಿಯಿಂದ ನಾವು ಒಳಗೆ ಹೋಗುತ್ತಿದ್ದೆವು.

ಬೆಂಗಳೂರಿನ ಸೋದರಮಾವನ ಮನೆಯಲ್ಲಿ ಅವಳು ಒಂದು ವಿದೇಶಿ ಆಟ ಆಡಿಬಂದಿದ್ದಳು. ಆಡುವವರೇ ಅದರಲ್ಲಿ ವೀರರು. ಕತ್ತಿ ಹಿಡಿದು ಗುಹೆ ಹೊಕ್ಕು ರಾಕ್ಷಸರನ್ನು ಕೊಲ್ಲಬೇಕು. ಒಂದು ಭಾಗ ಮುಗಿದರೆ ಇನ್ನೂ ದೊಡ್ಡ ರಾಜ್ಯದ ಮತ್ತೊಂದು ಭಾಗ ಕಾದಿರುತ್ತದೆ.

"ನಾವೂ ಒಂದು ಮಾಡಣ ಕಣೇ. ಮೂರು ಭಾಗ," ಅಂದಳು.

"ಕಂಪ್ಯೂಟರಲ್ಲಿ ಚಿತ್ರ ಬರಿಯಕ್ಕೆ ನಮಗೆಲ್ಲಿ ಬರ್ತದೆ?"

"ಬರೀ ಅಕ್ಷರ ಸಾಕು. ಅದು ಪ್ರಶ್ನೆ ಕೇಳ್ತದೆ, ನಾವು ಉತ್ತರ ಕೊಟ್ಟಂಗೆ ಕಥೆ ಹೋಗ್ತದೆ."

ಕೆಲಸ ಹಂಚಿಕೊಂಡೆವು. ಸ್ಕಂದಗಿರಿಯ ತುದಿಯಲ್ಲಿ ಕೂರುವ ರಾಕ್ಷಸ ಅವಳ ಪಾಲಿಗೆ, ಬೆಟ್ಟದ ಬುಡದ ಹಳ್ಳಿ ನನ್ನ ಪಾಲಿಗೆ. ರಾಕ್ಷಸನಿಗೆ ಏಳು ಆಯುಧ ಕೊಟ್ಟು, ಸೋಲಿಸಲು ಒಂದೇ ಒಂದು ದಾರಿ ಇಡಲು ಅವಳು ಎರಡು ತಿಂಗಳು ಒದ್ದಾಡಿದಳು. ನಾನು ಒಂದು ಮಧ್ಯಾಹ್ನದಲ್ಲಿ, ವೀರನಿಗೆ ದಾರಿ ತೋರಿಸಲಿ ಎಂದು ಒಬ್ಬ ಅಜ್ಜಿಯನ್ನು ಕೂರಿಸಿದೆ. ಅದು ನಮ್ಮಜ್ಜಿಯೇ. "ಎವರಪ್ಪಾ ನುವ್ವು?" ಎಂದು ತೆಲುಗಿನಲ್ಲಿ ಯಾರು ನೀನೆಂದು ಶುರುಮಾಡಿ, ಯಾರ ಮನೆಯವನು, ಅಪ್ಪನಿಗೇನು ಕೆಲಸ, ಅಕ್ಕತಂಗಿಯರೆಷ್ಟು, ಮದುವೆಯಾಯಿತೇ ಎಂದು ವಿಚಾರಿಸುತ್ತಿದ್ದಳು. ಊಟ ಆಗಿಲ್ಲವೆಂದರೆ ಮುದ್ದೆ ಇಡುತ್ತಿದ್ದಳು. ವೀರನ ಶಕ್ತಿ ಹತ್ತು ಏರುತ್ತಿತ್ತು.

ತರಗತಿಯವರೆಲ್ಲ ಆಡಿದರು. ಯಾರೂ ಬೆಟ್ಟ ಹತ್ತಲಿಲ್ಲ. ಗೌರಿಬಿದನೂರಿನ ಹುಡುಗಿಯೊಬ್ಬಳು ತನಗೆ ಮದುವೆಯಾಗಿದೆಯೆಂದು ಸುಳ್ಳು ಹೇಳಿ, ಮಕ್ಕಳ ಬಗ್ಗೆ ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಹುಡುಕುತ್ತ ಕಂಪ್ಯೂಟರಿನ ಮುಂದೆ ತನ್ನ ಪಾಲಿಗಿದ್ದ ಅರ್ಧ ಗಂಟೆ ಮುಗಿಸಿದಳು.

"ಮೇಲೆ ರಾಕ್ಷಸ ಕಾಯ್ತಾ ಇದಾನೆ," ಅಂದಳು ಹಿಂದೆ ನಿಂತಿದ್ದ ಗೆಳತಿ.

"ಇರಮ್ಮ, ಅಜ್ಜಿ ಮಾತಾಡ್ತಾ ಇದಾರೆ."

ಎರಡನೆಯ ಭಾಗಕ್ಕೆ ಎಲ್ಲರೂ ಕೇಳಿದ್ದು ಇನ್ನೊಬ್ಬ ಅಜ್ಜಿಯನ್ನು. ಚಿಂತಾಮಣಿ ಕಡೆಯವಳೊಬ್ಬಳನ್ನು ನಾನು ತಂದೆ; ಅಜ್ಜಿಯರಿಬ್ಬರೂ ಸೇರಿ ವೀರನಿಗೆ ಹೆಣ್ಣು ಹುಡುಕಿದರು. ಗೆಳತಿ ರಾಕ್ಷಸನಿಗೆ ಇನ್ನೆರಡು ಕೈ ಸೇರಿಸಿದಳು. ಅವನ್ನು ನೋಡಿದವರಿಲ್ಲ. ಮೂರನೆಯ ಭಾಗದಲ್ಲಿ ಅವಳು ಸಿಟ್ಟಿಗೆದ್ದು ರಾಕ್ಷಸನನ್ನೇ ಬೆಟ್ಟದಿಂದ ಇಳಿಸಿ, ಅವನ ಬಾಯಲ್ಲಿ "ಊಟ ಆಯ್ತಾ?" ಎಂದು ಕೇಳಿಸಿದಳು. ಅಣಕಕ್ಕೆ ಬರೆದದ್ದು. ಮೂರು ಭಾಗಗಳಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದು ಅದನ್ನೇ.

ನಮ್ಮ ಮೇಷ್ಟ್ರು ಮೂರೂ ಭಾಗಗಳ ಫ್ಲಾಪಿಯನ್ನು ಬೆಂಗಳೂರಿನ ಒಂದು ಸ್ಪರ್ಧೆಗೆ ಕಳಿಸಿದರು. ಎರಡನೇ ಬಹುಮಾನ ಬಂತು, ಕಚೇರಿ ಉಪಯೋಗದ ವಿಭಾಗದಲ್ಲಿ. ಮನೆಮನೆ ಸಮೀಕ್ಷೆಗೆ ಇದು ಬಹಳ ಅನುಕೂಲವೆಂದೂ, ಕೊನೆಗೆ ಬರುವ ರಾಕ್ಷಸನ ವಿವರ ಅನಗತ್ಯವಾದ್ದರಿಂದ ತೆಗೆಯಬಹುದೆಂದೂ ತೀರ್ಪುಗಾರರು ಬರೆದಿದ್ದರು.

ಬಸ್ಸಿನಲ್ಲಿ ಅವಳು ಆ ಕಾಗದವನ್ನು ಎರಡು ಸಲ ಓದಿದಳು.

"ನೀನಾದ್ರೂ ಒಂದ್ಸಲ ಮೇಲೆ ಹೋಗಿದೀಯಾ?"

ಹೋಗಿರಲಿಲ್ಲ. ಗೆದ್ದ ಖುಷಿಯನ್ನು ಅವಳಿಗೆ ಕಾಣದಂತೆ ಅದುಮಿಟ್ಟುಕೊಂಡಿದ್ದ ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಮೊದಲ ಭಾಗ ಹಾಕಿ ಕುಳಿತೆ. ನಮ್ಮಜ್ಜಿಗೆ ಚುಟುಕಾಗಿ ಉತ್ತರ ಕೊಟ್ಟು, ಊಟ ಆಯಿತೆಂದು ಹೇಳಿ ಬೆಟ್ಟ ಹತ್ತಿದೆ. ಮುದ್ದೆ ತಿನ್ನದೆ ಹೋದ ನನ್ನನ್ನು ರಾಕ್ಷಸ ಮೂರನೇ ಏಟಿಗೆ ಕೊಂದ.

"ಎಡಗಡೆ ಹೋಗ್ಬೇಕಿತ್ತು ಕಣೇ," ಅಂದಳು ಗೆಳತಿ. ಅಷ್ಟು ಸಂತೋಷ ಅವಳ ಮುಖದಲ್ಲಿ ಬಹುಮಾನ ಬಂದ ದಿನವೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಇನ್ನೊಂದ್ಸಲ ಆಡು."