ಸಂತನ ಕಣ್ಣೀರು ಒರೆಸಿದ್ದು

ಮೊನ್ನೆ ಕಮ್ಮನಹಳ್ಳಿಯ ನಮ್ಮ ಮನೆಯ ಬಾಗಿಲಿಗೆ ಬಣ್ಣ ಹೊಡೆಸುವಾಗ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಅಂದಿನಿಂದ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ.

ತೊಂಬತ್ತರ ದಶಕದಲ್ಲಿ ಗದಗಿನಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ನಾನು ರಿಚರ್ಡ್ಸ್ ಟೌನಿನಲ್ಲಿ ಒಬ್ಬ ಆಂಟಿಯ ಮನೆಯಲ್ಲಿ ಬಾಡಿಗೆಗಿದ್ದೆ. ಅವರ ಹಾಲ್‌ನಲ್ಲಿ ಅಜ್ಜನ ಕಾಲದ ಒಂದು ತೈಲಚಿತ್ರವಿತ್ತು, ಯಾವುದೋ ಯುರೋಪಿನ ಚಿತ್ರದ ನಕಲು. ಸುತ್ತ ಬರೀ ಕಪ್ಪು, ನಡುವೆ ಮೇಲಕ್ಕೆ ನೋಡುವ ಮುದುಕ, ತುಂಬಿದ ಕಣ್ಣು. ಅದು ಯೇಸುವಿನ ಶಿಷ್ಯ ಸಂತ ಪೇತ್ರರ ಚಿತ್ರವಂತೆ. ಯೇಸುವನ್ನು ಹಿಡಿದೊಯ್ದಾಗ ‘ಅವರು ಯಾರೋ ನನಗೆ ಗೊತ್ತಿಲ್ಲ’ ಎಂದುಬಿಟ್ಟು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತವರು. ಆಂಟಿ ದಿನಾ ಸಂಜೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

“ತಪ್ಪು ಮಾಡಿ ಅತ್ತೋರ್ ಹತ್ರಾನೇ ಅಲ್ವೇನಮ್ಮಾ, ನಮ್ ತಪ್ಪು ಹೇಳ್ಕೊಳ್ಳೋಕಾಗೋದು?” ಎನ್ನುತ್ತಿದ್ದರು.

ನಮ್ಮ ಕಡೆ ದೇವರ ಪಟವೆಂದರೆ ಥಳಥಳ ಹೊಳೆಯಬೇಕು. ಆ ಕಪ್ಪನ್ನು ನಾನು ಮೇಣದಬತ್ತಿಯ ಮಸಿ ಎಂದೇ ತಿಳಿದಿದ್ದೆ. ಚೌಕಟ್ಟಿಗೆ ಗೆದ್ದಲು ಹಿಡಿದಾಗ, ಶಿವಾಜಿನಗರದಲ್ಲಿ ಹೊಸ ಕಟ್ಟು ಹಾಕಿಸಿ ತರಲು ಆಂಟಿ ಅದನ್ನು ನನಗೆ ಕೊಟ್ಟರು. ನಾನೋ ಅತಿಬುದ್ಧಿವಂತೆ! ಆಂಟಿಗೆ ಖುಷಿಯಾಗಲಿ ಎಂದು, ಪಟವನ್ನೂ ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದು ಅಂಗಡಿಯ ಪೇಂಟರಿಗೆ ಹೇಳಿದೆ. ಅವರು ಮುದುಕನ ಹಿಂದಿನ ಕಪ್ಪಿಗೆಲ್ಲ ಆಕಾಶನೀಲಿ ಬಳಿದು, ಕೆನ್ನೆ ಕೆಂಪಾಗಿಸಿ, ಕಣ್ಣಂಚಿನ ಹನಿಯನ್ನು ಕಲೆಯೆಂದು ಮುಚ್ಚಿಬಿಟ್ಟಿದ್ದರು.

ಟರ್ಪೆಂಟೈನ್ ವಾಸನೆ ಇನ್ನೂ ಆರದ ಪಟವನ್ನು ಆಂಟಿ ಬೆಳಕಿಗೆ ಹಿಡಿದು ನೋಡಿದರು.

“ಹಿಂಗ್ ಮಾಡಕ್ಕೆ ಯಾರಮ್ಮಾ ಹೇಳಿದ್ದು?”

“ನನಗ ಗೊತ್ತಿಲ್ರೀ ಆಂಟಿ, ಪೇಂಟರ್ ತಾನ ಮಾಡ್ಯಾನ.”

ಅವರು ಪಟವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರು. ಆದರೆ ಅದರ ಮುಂದೆ ಕೂರುವುದನ್ನು ಬಿಟ್ಟರು. ಸಂಜೆಯಾದರೆ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು... ಆ ಚಪ್ಪಲಿ ಸದ್ದಿಗೆ ನಾನು ನನ್ನ ಕೋಣೆಯಲ್ಲಿ ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದೆ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು.

ಕೆ.ಆರ್. ಪುರದ ತಂಗಿಯ ಮನೆಯಲ್ಲೇ ಇರಲು ಹೊರಟುಬಿಟ್ಟ ದಿನ ಆಂಟಿ ಪಟವನ್ನು ನನ್ನ ಕೈಗಿಟ್ಟರು.

“ಮಾರನೇ ದಿನಾನೇ ಪೇಂಟರ್ನ ಕೇಳಿದ್ದೆ ಕಣಮ್ಮಾ. ನೀನೇ ಬಂದ್ ಹೇಳ್ತೀಯ ಅಂತ ಕಾಯ್ತಿದ್ದೆ.”

ಆಟೋ ನಿಂತಿತ್ತು. ನಾನು ಬ್ಯಾಗು ಎತ್ತಿಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಯುರೋಪಿನಲ್ಲಿ ನಾನೂರು ವರ್ಷದ ಹಿಂದೆ, ಬರೋಕ್ ಕಾಲದಲ್ಲಿ ಬರೆದ ಸಂತರ ಚಿತ್ರಗಳನ್ನು ಕಂಡೆ. ಆ ಕತ್ತಲೆ ಚಿತ್ರಕಾರರು ಬೇಕೆಂದೇ ಬಳಿದದ್ದು; ಅದಿದ್ದರೇ ಆ ಕಣ್ಣುಗಳು ಮಾತಾಡುವುದು. ನಾಚಿಕೆಯಾಯಿತು. ಎಲ್ಲ ಹೇಳಿಬಿಡಬೇಕೆಂದು ಕೆ.ಆರ್. ಪುರಕ್ಕೆ ಹೋದರೆ, ಆಂಟಿ ತೀರಿಕೊಂಡು ಮೂರು ತಿಂಗಳಾಯಿತು ಎಂದರು ಅವರ ತಂಗಿ.

ಪಟ ಈಗ ನಮ್ಮ ಗೋಡೆಯ ಮೇಲಿದೆ. ಒಮ್ಮೊಮ್ಮೆ ನನ್ನ ತಪ್ಪು ಹೇಳಿಕೊಳ್ಳೋಣವೆಂದು ಅದರ ಮುಂದೆ ಕೂರುತ್ತೇನೆ. ಕಣ್ಣಲ್ಲಿ ಹನಿಯಿಲ್ಲದ, ನೀಲಿ ಆಕಾಶದ ಆ ಮುದುಕನಿಗೆ ನನ್ನದೇನೂ ಅರ್ಥವಾಗುವುದಿಲ್ಲ.