ಕಾರಿಡಾರಿನಲ್ಲಿ ಸಿಕ್ಕ ಮಾತು

ಬೆಳಗಿನ ಆರು ಗಂಟೆ. ಶಾಲೆಯ ಉದ್ದನೆಯ ಕಾರಿಡಾರಿನಲ್ಲಿ ಒದ್ದೆ ಬಟ್ಟೆ ಎಳೆಯುತ್ತಾ ಆಯಮ್ಮ ಹಿಂದಹಿಂದಕ್ಕೆ ಸರಿಯುತ್ತಿದ್ದಾರೆ. ಹದಿನಾಲ್ಕು ಕೋಣೆ, ಅರವತ್ತೆಂಟು ಕಿಟಕಿ. ಎಂಟಕ್ಕೆ ಮಕ್ಕಳು ಬರುವಷ್ಟರಲ್ಲಿ ನೆಲ ಒಣಗಿರಬೇಕು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಈಗೀಗ ಮಂಡಿ ಹೇಳಿದ ಮಾತು ಕೇಳುತ್ತಿಲ್ಲ. ಬರುವ ತಿಂಗಳು ನಿವೃತ್ತಿ.

"ಯಜಮಾನ್ರು ಹೋದಾಗ ಮಗಳಿಗೆ ಎರಡು ವರ್ಷ. ಇಲ್ಲೇ ಬೆಂಚಿನ ಮೇಲೆ ಮಲಗಿಸಿ ಗುಡಿಸ್ತಿದ್ದೆ," ಎನ್ನುತ್ತಾರೆ.

ಆಗೆಲ್ಲ ಹೆತ್ತವರನ್ನು ಕರೆಸಿದರೆ, ಅವರು ಹೆಡ್‌ಮಾಸ್ಟರ ಬಾಗಿಲಲ್ಲಿ ನಿಂತು ಬೈಸಿಕೊಂಡು ಹೋಗುವುದಷ್ಟೇ. ಶಾಲೆಗೊಬ್ಬ ಮನಶ್ಶಾಸ್ತ್ರಜ್ಞೆ ಬಂದದ್ದು ಎಷ್ಟೋ ವರ್ಷದ ಮೇಲೆ. ಆಯಮ್ಮನ ಬಾಯಲ್ಲಿ ಆಕೆ 'ಮನಸ್ಸಿನ ಡಾಕ್ಟ್ರು'.

ಆಕೆ ಬಂದ ವರ್ಷದ ಸುದ್ದಿ ಎತ್ತಿದರೆ ಆಯಮ್ಮನ ಕೈ ತಾನಾಗಿ ನಿಲ್ಲುತ್ತದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬೇರೆ ಶಾಲೆಗೆ ಕಳಿಸುವ ಮಾತೂ ನಡೆದಿತ್ತು. "ಮನೇಲಿ ಮುದ್ದು ಜಾಸ್ತಿ," ಎಂದರು ಟೀಚರು. "ನಿಮ್ಮ ಗದರಿಕೆ ಜಾಸ್ತಿ," ಎಂದಳು ತಾಯಿ. ಡಾಕ್ಟ್ರು ನಡುವೆ ಕೂತು ಇಬ್ಬರನ್ನೂ ಕೇಳಿಸಿಕೊಳ್ಳುತ್ತಿದ್ದರು. ನೀರು ಕೊಡಲು ಹೋದ ಆಯಮ್ಮನಿಗೆ ತಡೆಯಲಾಗಲಿಲ್ಲ.

"ಆ ಮಗು ನನ್ನ ಹತ್ರ ದಿನಾ ಮಾತಾಡುತ್ತಲ್ಲ!"

ಮೂವರೂ ಅವರತ್ತ ತಿರುಗಿದರು. ಅಪ್ಪನಿಗೆ ಬೆಳಗಿನ ಪಾಳಿಯಾದ್ದರಿಂದ ಹುಡುಗಿ ಎಲ್ಲರಿಗಿಂತ ಮೊದಲೇ ಬಂದು, ಆಯಮ್ಮನ ಹಿಂದೆ ಸುತ್ತುತ್ತಾ ಪಟಪಟ ಹರಟುತ್ತಿದ್ದಳು. "ನಾನೇನೂ ಪ್ರಶ್ನೆ ಕೇಳ್ತಿರ್ಲಿಲ್ಲ. ಅದಕ್ಕೇ ಹೇಳ್ತಿತ್ತೇನೋ."

ಡಾಕ್ಟ್ರು ಆಯಮ್ಮನಿಗೂ ಕುರ್ಚಿ ಹಾಕಿಸಿದರು. ನಾಲ್ವರೂ ಕೂತು ಒಂದು ದಾರಿ ಹುಡುಕಿದರು: ಟೀಚರು ಬೇಗ ಬಂದು ಕಾರಿಡಾರಿನಲ್ಲಿ ತಮ್ಮ ಪಾಡಿಗೆ ಕೂರುವುದು, ಏನೂ ಕೇಳದಿರುವುದು. ಮನೆಯಲ್ಲಿ ತಾಯಿ "ಇವತ್ತು ಮಾತಾಡಿದ್ಯಾ?" ಎಂದು ವಿಚಾರಿಸದಿರುವುದು.

ಮೂರು ವಾರ ಏನೂ ಇಲ್ಲ. ನಾಲ್ಕನೇ ವಾರ ಹುಡುಗಿ ಬಾಯಿಬಿಟ್ಟಳು: "ಟೀಚರ್, ನಿಮ್ಮ ಬ್ಯಾಗು ಬಕೆಟ್ಟಲ್ಲಿ ಬಿದ್ದಿದೆ."

"ಒಳಗಿದ್ದ ಪುಸ್ತಕವೆಲ್ಲ ತೊಪ್ಪೆ. ಟೀಚರು ನಗ್ತಾನೂ ಇದ್ರು, ಅಳ್ತಾನೂ ಇದ್ರು. ಸಂಜೆ ಆ ತಾಯಿ ಬಂದು ಟೀಚರ ಕೈ ಹಿಡ್ಕೊಂಡ್ಳು. ಅವತ್ತಿನಿಂದ ಇಬ್ರೂ ಅಕ್ಕ-ತಂಗೀರ ಥರ."

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಚರ್ಚಾಸ್ಪರ್ಧೆಗೆ ಹೋಗುತ್ತಾಳಂತೆ. ಹೀಗೆ ಹೇಳುವಾಗ ಆಯಮ್ಮನ ದನಿಯಲ್ಲಿ ಅಜ್ಜಿಯೊಬ್ಬಳ ಜಂಬ ಇಣುಕುತ್ತದೆ.

ನಿವೃತ್ತಿಗೆ ಏನು ಉಡುಗೊರೆ ಬೇಕೆಂದರೆ ಬಟ್ಟೆ ಹಿಂಡುತ್ತಾ ಹೇಳುತ್ತಾರೆ: "ನನಗೇನು ಬೇಕು? ನನ್ನ ಜಾಗಕ್ಕೆ ಬರೋರಿಗೆ ಅವಸರ ಇರದಿದ್ರೆ ಸಾಕು. ನೆಲ ಅರ್ಧ ಗಂಟೆ ತಡವಾಗಿ ಒರೆಸಬಹುದು. ಮಗು ಮಾತಾಡೋದು ಅದಕ್ಕೆ ಮನಸ್ಸು ಬಂದಾಗಷ್ಟೇ."