ಕೀಲಿಯ ಮೇಲೊಂದು ಕೆಂಪು ಬೊಟ್ಟು

ನಮ್ಮ ಮನೆಯ ಬಚ್ಚಲ ಕನ್ನಡಿಯ ಅಂಚಿನಲ್ಲಿ ನಾನು ಅಂಟಿಸಿಟ್ಟ ಸ್ಟಿಕ್ಕರ್ ಬೊಟ್ಟುಗಳ ಸಾಲೇ ಇದೆ. ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ಕಂಪ್ಯೂಟರಿನ ಕೀಬೋರ್ಡಿನಲ್ಲಿ, ಮೇಲಿನ ಸಾಲಿನ ಒಂದು ಕೀಲಿಯ ನೆತ್ತಿಯ ಮೇಲೆ ಕೆಂಪು ಬೊಟ್ಟು ಕೂತಿರುವುದು ಚಾಮರಾಜಪೇಟೆಯಲ್ಲೆಲ್ಲ ಬಹುಶಃ ನಮ್ಮಲ್ಲಿ ಮಾತ್ರ.

ಅದು ನಮ್ಮ ಅತ್ತೆಯವರಿಗಾಗಿ. ಕಣ್ಣು ಮಂಜಾದ ಮೇಲೆ ಪರದೆಯ ಮೇಲೆ ಓಡಾಡುವ ಬಾಣದ ಗುರುತನ್ನು ಹಿಡಿಯುವುದು ಅವರಿಂದ ಆಗದ ಮಾತು. ಬೆಳಗಿನ ಸ್ನಾನ ಮುಗಿಸಿ ಸಹಸ್ರನಾಮ ಕೇಳಬೇಕೆಂದರೆ ಯಾರನ್ನಾದರೂ ಕರೆಯಬೇಕು, ಕರೆಯಲು ಸಂಕೋಚ. ಎಷ್ಟೋ ದಿನ ಸುಮ್ಮನೆ ಕೂತುಬಿಡುತ್ತಿದ್ದರು. ಕಾಲೇಜಿಗೆ ಹೋಗುವ ನನ್ನ ಮಗಳು ವೀಣಾ ಹಾಡು ಹಾಕುವ ಪ್ರೋಗ್ರಾಮಿಗೆ ಒಂದು ಕೀಲಿಯನ್ನು ಗೊತ್ತುಮಾಡಿಕೊಟ್ಟಳು. ಪರದೆಯ ಮೇಲೆ ಏನೇ ತೆರೆದಿರಲಿ, ಅದನ್ನು ಒತ್ತಿದರೆ ಸಹಸ್ರನಾಮ ಶುರು. ಬೆರಳಿಗೆ ಗುರುತು ಸಿಗಲೆಂದು ನಾನು ಬೊಟ್ಟು ಅಂಟಿಸಿದೆ. ಅಂದಿನಿಂದ ಅತ್ತೆಯವರ ಬೆಳಗು ಅವರ ಕೈಗೇ ಬಂತು.

ಆ ಕಂಪ್ಯೂಟರ್ ಹಳತಾಗಿ ಹೊಸದು ಬಂತು; ಕೀಬೋರ್ಡ್ ಮಾತ್ರ ಹಳೆಯದೇ. ಹಾಡಿನ ಪ್ರೋಗ್ರಾಮನ್ನೂ ಅದರ ಕೀಲಿಯನ್ನೂ ವೀಣಾ ಹೊಸದರಲ್ಲೂ ಹಾಕಿಕೊಟ್ಟಿದ್ದಳು. ಒಂದು ಬೆಳಗ್ಗೆ ನಮ್ಮ ಯಜಮಾನರು ಸುಲ್ತಾನ್‌ಪೇಟೆಯಲ್ಲಿ ಅಚ್ಚಿಗೆ ಕೊಡಬೇಕಾದ ತಂಗಿಮಗಳ ಲಗ್ನಪತ್ರಿಕೆಯನ್ನು ತಿದ್ದಿ, ಹಾಗೇ ತೆರೆದಿಟ್ಟು ಎದ್ದಿದ್ದರು. ಅತ್ತೆ ಬಂದು ಬೊಟ್ಟು ಒತ್ತಿದರು. ಸದ್ದಿಲ್ಲ.

"ಹೊಸದಕ್ಕೆ ಪೂಜೆ ಮಾಡ್ದೆ ಶುರು ಮಾಡ್ಬಿಟ್ರಿ, ಅದಕ್ಕೇ," ಎಂದರು ಅತ್ತೆ.

ನನಗೂ ಹೌದೆನ್ನಿಸಿತು. ಅರಿಸಿನ ಕುಂಕುಮವಿಟ್ಟು, ಹೂವೇರಿಸಿ ಮಂಗಳಾರತಿ ಎತ್ತಿದೆ. ಮಾನಿಟರಿಗೆ ಕಳೆ ಬಂತು, ಸದ್ದು ಬರಲಿಲ್ಲ. ಅತ್ತೆ ಕುರ್ಚಿಯ ಕೈ ಸವರುತ್ತ ಮತ್ತೆ ಸುಮ್ಮನೆ ಕೂತರು. ಆ ಸುಮ್ಮನಿರುವಿಕೆಯನ್ನು ನಾನು ಸಹಿಸಲಾರೆ. ವೀಣಾಳನ್ನು ಎಬ್ಬಿಸಿದೆ.

"ಅಜ್ಜೀ, ಈ ಹೊಸದ್ರಲ್ಲಿ ಯಾವ್ದು ಮುಂದೆ ತೆರೆದಿರತ್ತೋ ಅದಕ್ಕೆ ಮಾತ್ರ ಕೀ ಕೇಳ್ಸೋದು. ನೀನು ಒತ್ತಿದ್ದನ್ನ ಲಗ್ನಪತ್ರಿಕೆ ನುಂಗ್ಬಿಡ್ತು."

"ಹಿಂದೆ ಇರೋರಿಗೂ ಕೇಳ್ಸಿದ್ರೆ ಇದರ ಗಂಟೇನು ಹೋಗತ್ತೆ?"

"ಎಲ್ಲಾ ಪ್ರೋಗ್ರಾಮೂ ಎಲ್ಲಾ ಕೇಳಿಸ್ಕೊಂಡ್ರೆ ಅಪ್ಪನ ಪಾಸ್‌ವರ್ಡೂ ಕೇಳಿಸ್ಕೊಳ್ಳತ್ತಲ್ಲ."

"ಕದ್ದು ಕೇಳೋದು ಬೇಡ ಕಣೇ. ನಾನು ಕರೆದಾಗ ಓ ಅಂದ್ರೆ ಸಾಕು."

"ಹಾಗಾದ್ರೆ ಸಿಸ್ಟಮ್‌ಗೇ ಹೇಳ್ಬಿಡ್ತೀನಿ, ಈ ಒಂದು ಕೀ ನಮ್ಮಜ್ಜೀದು ಅಂತ."

ಅವಳು ಏನೇನೋ ತೆರೆದು, ಏನೇನೋ ಮುಚ್ಚಿ, ಅಜ್ಜಿಯ ಬೆರಳನ್ನು ಬೊಟ್ಟಿನ ಮೇಲಿಟ್ಟಳು. ಲಗ್ನಪತ್ರಿಕೆ ಇದ್ದ ಹಾಗೇ ಇತ್ತು. ಅದರ ಹಿಂದಿನಿಂದ ಸಹಸ್ರನಾಮ ಎದ್ದುಬಂತು. ಅತ್ತೆ ಸೆರಗು ಸರಿಮಾಡಿಕೊಂಡು ಕೈಮುಗಿದರು, ದೇವರಿಗೋ ಮೊಮ್ಮಗಳಿಗೋ ಎಂದು ನಾನು ಕೇಳಲಿಲ್ಲ.

ನಿಮ್ಮಲ್ಲಿ ಹೇಳಿದರೇನು, ದೇವರ ಮುಂದೆ ಚಕ್ಕಂಬಕ್ಕಳ ಹಾಕಿ ಕೂರುವ ಪುಣ್ಯ ನನಗೆ ಕಡಿಮೆ. ಹುರುಳಿಕಾಯಿಯ ನಾರು ತೆಗೆಯುತ್ತ, ಹಾಲು ಉಕ್ಕದಂತೆ ಕಾಯುತ್ತ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನನ್ನು ಕರೆದದ್ದೇ ಹೆಚ್ಚು. ಎದುರಿಗೆ ಕೂತವರ ಕರೆಯನ್ನಷ್ಟೇ ಕೇಳುವ ದೇವರಾಗಿದ್ದರೆ ನನ್ನಂಥವರ ಗತಿಯೇನು? ಮನಸ್ಸಿನ ಪರದೆಯ ಮೇಲೆ ಸಾರು, ಇಸ್ತ್ರಿ, ನೀರಿನ ಟ್ಯಾಂಕು ಏನೇ ಹರಡಿದ್ದರೂ, ಹಿಂದೆಲ್ಲೋ ಇದ್ದುಕೊಂಡು ಅವನು ಓಗೊಟ್ಟಿದ್ದಾನೆ. ಇಷ್ಟು ದಿನ ಅದನ್ನು ನನ್ನ ಸೋಮಾರಿ ಭಕ್ತಿಯೆಂದುಕೊಂಡಿದ್ದೆ. ಈಗ ಅವನ ಕರುಣೆಯೆನ್ನುತ್ತೇನೆ.

ಇವತ್ತು ಬೆಳಗ್ಗೆ ನೋಡಿದರೆ ಬೊಟ್ಟಿನ ಅಂಟು ಬಿಟ್ಟಿತ್ತು. ಕನ್ನಡಿಯಿಂದ ಹೊಸದೊಂದನ್ನು ಕಿತ್ತು ತಂದು ಕೀಲಿಯ ಮೇಲೆ ಒತ್ತಿ ಅಂಟಿಸಿದೆ. ಒತ್ತಿದ್ದೇ ತಡ, ಸಹಸ್ರನಾಮ ಶುರುವಾಯಿತು.

ಆಗಷ್ಟೇ ಬಚ್ಚಲಿಗೆ ಹೊರಟಿದ್ದ ಅತ್ತೆಯವರ ದನಿ ಬಂತು: "ತಡಿಯಮ್ಮಾ, ನನ್ನ ಸ್ನಾನ ಇನ್ನೂ ಆಗಿಲ್ಲ. ಅದನ್ನ ನಾನೇ ಬಂದು ಒತ್ತ್ಕೋತೀನಿ."

ನಿಲ್ಲಿಸಿದೆ. ಅದು ಅವರ ಕೀಲಿ.